ಹೇಳಿ ಕಾಯುವುದು, ಹೇಳದೆ ಕಾಯುವುದು: ದೆಹಲಿಯ 1,158 ಹೆಂಗಸರ ಕತೆ

ಗರ್ಭಕಂಠದ ತಪಾಸಣೆಯ ರಿಪೋರ್ಟಿನಲ್ಲಿ ‘ಅಸಹಜ’ ಎಂಬ ಒಂದು ಪದ ಬಂದರೆ ಸಾಕು, ಮನೆಯ ಗಾಳಿಯೇ ಬದಲಾಗುತ್ತದೆ. ಯಾರಿಗೂ ಹೇಳದೆ ಅದನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟುಬಿಡುವವರಿದ್ದಾರೆ. ರಾತ್ರಿಯೆಲ್ಲ ಮೊಬೈಲಿನಲ್ಲಿ ಹುಡುಕುತ್ತ ಕೂರುವವರಿದ್ದಾರೆ. ಮರುದಿನ ಡಾಕ್ಟರು ರಿಪೋರ್ಟು ನೋಡಿ, ‘ಇದು ಕ್ಯಾನ್ಸರ್ ಅಲ್ಲ. ಈಗ ಏನೂ ಮಾಡುವುದು ಬೇಡ, ಒಂದು ವರ್ಷ ಬಿಟ್ಟು ಮತ್ತೆ ನೋಡೋಣ’ ಎಂದರೆ ಅರ್ಧ ಸಮಾಧಾನ, ಅರ್ಧ ಅನುಮಾನ. ಏನೋ ಇದೆ ಅಂತಾರೆ, ಆದರೂ ಸುಮ್ಮನೆ ಇರಿ ಅಂತಾರಲ್ಲ, ಇದೆಂಥ ವೈದ್ಯ?

‘ಕಾದು ನೋಡೋಣ’ ಎಂಬ ಆ ಮಾತಿಗೆ ಒಂದು ಇತಿಹಾಸವಿದೆ. ಗರ್ಭಕಂಠದ ಜೀವಕೋಶಗಳಲ್ಲಿ ಆದ ಬದಲಾವಣೆಗಳಲ್ಲಿ ಹೆಚ್ಚಿನವು ತಾವಾಗಿಯೇ ಸರಿಹೋಗುತ್ತವೆ, ಕೆಲವು ಮಾತ್ರ ಮುಂದುವರಿಯುತ್ತವೆ ಎಂದು ಡಾಕ್ಟರು ಇವತ್ತು ಧೈರ್ಯವಾಗಿ ಹೇಳಬಲ್ಲರು. ಅದು ತಿಳಿದದ್ದು, ಹಿಂದೆ ಎಷ್ಟೋ ಹೆಂಗಸರ ಬದಲಾವಣೆಗಳಿಗೆ ಚಿಕಿತ್ಸೆ ಕೊಡದೆ ವರ್ಷಗಟ್ಟಲೆ ನೋಡುತ್ತ ಕೂತದ್ದರಿಂದ. ಅಂಥ ಹೆಂಗಸರಲ್ಲಿ 1,158 ಮಂದಿ ದೆಹಲಿಯವರು. ಅವರನ್ನು ಕೇಳಿ ಕಾದರೇ, ಕೇಳದೆ ಕಾದರೇ ಎಂಬ ಪ್ರಶ್ನೆ ಎದ್ದಾಗ ಇಪ್ಪತ್ತು ವರ್ಷ ಕಳೆದಿತ್ತು. ಈ ಸಂಚಿಕೆಯ ಬರಹ ಆ ಪ್ರಶ್ನೆಯ ಬಗ್ಗೆ.

ರಿಪೋರ್ಟಿನ ಪದಗಳು ಎಲ್ಲಿಂದ ಬಂದವು

ಮೊದಲು ಪರೀಕ್ಷೆಯ ಕತೆ. ಜಾರ್ಜ್ ಪಾಪನಿಕೊಲೌ ಗ್ರೀಸ್ ದೇಶದಿಂದ ಅಮೆರಿಕಕ್ಕೆ ವಲಸೆ ಹೋದ ವಿಜ್ಞಾನಿ. ನ್ಯೂಯಾರ್ಕಿನಲ್ಲಿ ಕೆಲಸ ಮಾಡುತ್ತ, ಯೋನಿಯ ದ್ರವವನ್ನು ಗಾಜಿನ ಪಟ್ಟಿಯ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕ್ಯಾನ್ಸರಿನ ಜೀವಕೋಶಗಳನ್ನು ಗುರುತಿಸಬಹುದು ಎಂದು ಅವರು 1928ರಲ್ಲಿ ಹೇಳಿದರು. ಆಗ ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. ಹರ್ಬರ್ಟ್ ಟ್ರಾಟ್ ಎಂಬ ವೈದ್ಯರ ಜೊತೆ ಅವರು 1941ರಲ್ಲಿ ಪ್ರಬಂಧ, 1943ರಲ್ಲಿ ಪುಸ್ತಕ ಪ್ರಕಟಿಸಿದ ಮೇಲೆ ಜಗತ್ತು ಒಪ್ಪಿತು. ಪ್ಯಾಪ್ ಸ್ಮಿಯರ್ ಎಂಬ ಹೆಸರಿನಲ್ಲಿರುವ ‘ಪ್ಯಾಪ್’ ಅವರದೇ ಹೆಸರಿನ ತುಂಡು. ವರ್ಷಗಟ್ಟಲೆ ತನ್ನ ಮಾದರಿಯನ್ನು ಕೊಟ್ಟು ಈ ಕೆಲಸಕ್ಕೆ ನೆರವಾದವರು ಅವರ ಹೆಂಡತಿ ಆಂಡ್ರೊಮಾಕಿ.

ಪರೀಕ್ಷೆ ಬಂದ ಮೇಲೆ ಹೊಸ ತಲೆನೋವು ಶುರುವಾಯಿತು. ಕ್ಯಾನ್ಸರೂ ಅಲ್ಲದ, ಪೂರ್ತಿ ಸರಿಯೂ ಅಲ್ಲದ ಜೀವಕೋಶಗಳು ಸಾವಿರಾರು ಹೆಂಗಸರಲ್ಲಿ ಕಾಣತೊಡಗಿದವು. ಅವಕ್ಕೆ ಏನೆಂದು ಹೆಸರಿಡುವುದು? 1953ರಲ್ಲಿ ಅಮೆರಿಕದ ಜೇಮ್ಸ್ ರೇಗನ್ ಮತ್ತು ಸಂಗಡಿಗರು ‘ಡಿಸ್‌ಪ್ಲೇಸಿಯಾ’ ಎಂಬ ಪದವನ್ನು ಬಳಕೆಗೆ ತಂದರು. ಅದರಲ್ಲಿ ಅಲ್ಪ, ಮಧ್ಯಮ, ತೀವ್ರ ಎಂಬ ಹಂತಗಳು. 1967ರ ಹೊತ್ತಿಗೆ ರಾಲ್ಫ್ ರಿಚರ್ಟ್, ಇವೆಲ್ಲ ಬೇರೆ ಬೇರೆ ಕಾಯಿಲೆಗಳಲ್ಲ, ಒಂದೇ ಏಣಿಯ ಮೆಟ್ಟಿಲುಗಳು ಎಂದು ವಾದಿಸಿ ‘ಸಿಐಎನ್’ ಎಂಬ ಹೆಸರು ಕೊಟ್ಟರು. ಬಯಾಪ್ಸಿ ರಿಪೋರ್ಟಿನಲ್ಲಿ ಇವತ್ತಿಗೂ ಕಾಣುವ ಸಿಐಎನ್ 1, 2, 3 ಎಂಬ ಅಂಕಿಗಳು ಅಲ್ಲಿಂದ ಬಂದವು. ಪ್ಯಾಪ್ ರಿಪೋರ್ಟಿನ ಎಎಸ್‌ಸಿ-ಯುಎಸ್, ಎಲ್‌ಎಸ್‌ಐಎಲ್, ಎಚ್‌ಎಸ್‌ಐಎಲ್ ಮುಂತಾದ ಅಕ್ಷರಗಳ ಸಾಲಿಗೆ ಮೂಲ 1988ರಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ ನಡೆದ ಸಭೆ.

ಏಣಿ ಸರಿ. ಆದರೆ ಹತ್ತಿದವರೆಲ್ಲ ಮೇಲಕ್ಕೇ ಹೋಗುತ್ತಾರೆಯೇ? ಎಷ್ಟು ಜನ ಅಲ್ಲೇ ನಿಲ್ಲುತ್ತಾರೆ, ಎಷ್ಟು ಜನ ಇಳಿದು ಬರುತ್ತಾರೆ? 1960 ಮತ್ತು 70ರ ದಶಕಗಳಲ್ಲಿ ಈ ಕ್ಷೇತ್ರದ ದೊಡ್ಡ ಪ್ರಶ್ನೆ ಇದೇ. ಎಲ್ಲರಿಗೂ ಚಿಕಿತ್ಸೆ ಕೊಟ್ಟುಬಿಟ್ಟರೆ ಉತ್ತರ ಸಿಗುವುದಿಲ್ಲ. ಉತ್ತರ ಬೇಕೆಂದರೆ ಕೆಲವರನ್ನಾದರೂ ಹಾಗೇ ಬಿಟ್ಟು ನೋಡಬೇಕು. ಸಂಶೋಧಕನ ಕುತೂಹಲ ಮತ್ತು ರೋಗಿಯ ಹಿತ ಬೇರೆ ಬೇರೆ ದಾರಿ ಹಿಡಿಯುವ ಜಾಗ ಇದು.

ದೆಹಲಿ, 1976ರಿಂದ

ಆಗ ಭಾರತದ ಹೆಂಗಸರನ್ನು ಅತಿ ಹೆಚ್ಚು ಕಾಡುತ್ತಿದ್ದ ಕ್ಯಾನ್ಸರುಗಳಲ್ಲಿ ಗರ್ಭಕಂಠದ್ದು ಮುಂಚೂಣಿಯಲ್ಲಿತ್ತು. ಆಸ್ಪತ್ರೆಗೆ ಬರುವವರಲ್ಲಿ ಬಹುಪಾಲು ಜನ ಕೈಮೀರಿದ ಹಂತದಲ್ಲೇ ಬರುತ್ತಿದ್ದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಈ ವಿಷಯವನ್ನು ಗಂಭೀರವಾಗಿ ತೆಗೆದುಕೊಂಡಿತ್ತು. ಆಗ್ರಾ ಜಿಲ್ಲೆಯಲ್ಲಿ ಡಾ. ಪಿ.ಎನ್. ವಾಹಿ ಅವರ ನೇತೃತ್ವದಲ್ಲಿ ದೊಡ್ಡ ಸಮೀಕ್ಷೆ ನಡೆದು, ಅದರ ಫಲಿತಾಂಶ 1972ರಲ್ಲಿ ಪ್ರಕಟವಾಗಿತ್ತು. ಆ ತಂಡದಲ್ಲಿದ್ದ ಡಾ. ಉಷಾ ಲೂಥ್ರಾ ಮುಂದೆ ದೆಹಲಿಯ ಕೆಲಸಕ್ಕೆ ಮುಖ್ಯಸ್ಥರಾದರು. 1979ರಲ್ಲಿ ಐಸಿಎಂಆರ್ ದೆಹಲಿಯಲ್ಲಿ ಸೈಟಾಲಜಿ ಸಂಶೋಧನಾ ಕೇಂದ್ರ ತೆರೆಯಿತು. ಮೌಲಾನಾ ಆಜಾದ್ ವೈದ್ಯಕೀಯ ಕಾಲೇಜಿನ ಆವರಣ ಅದರ ನೆಲೆ. 1989ರಲ್ಲಿ ಅದು ಸೈಟಾಲಜಿ ಮತ್ತು ಪ್ರಿವೆಂಟಿವ್ ಆಂಕಾಲಜಿ ಸಂಸ್ಥೆಯಾಯಿತು.

ಕೇಂದ್ರ ತೆರೆಯುವ ಮುಂಚೆಯೇ, 1976ರಲ್ಲಿ, ದೆಹಲಿಯ ಆಸ್ಪತ್ರೆಗಳ ಸ್ತ್ರೀರೋಗ ವಿಭಾಗಗಳಿಗೆ ಬರುವ ಹೆಂಗಸರ ಮೇಲೆ ಒಂದು ಅಧ್ಯಯನ ಶುರುವಾಗಿತ್ತು. ಬಿಳಿಸೆರಗು, ಹೊಟ್ಟೆನೋವು, ಹೆರಿಗೆಯ ನಂತರದ ತೊಂದರೆ ಎಂದು ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವವರು ಯಾರು ಎಂದು ಬಿಡಿಸಿ ಹೇಳಬೇಕಿಲ್ಲ. ಪ್ಯಾಪ್ ಪರೀಕ್ಷೆಯಲ್ಲಿ ಡಿಸ್‌ಪ್ಲೇಸಿಯಾ ಕಂಡವರನ್ನು ಗುರುತಿಸಿ, ಚಿಕಿತ್ಸೆ ಕೊಡದೆ, ಆಗಾಗ ಕರೆಸಿ ಪರೀಕ್ಷಿಸುತ್ತ ಹೋಗುವುದು ಯೋಜನೆ. ಯಾರದು ವಾಸಿಯಾಗುತ್ತದೆ, ಯಾರದು ಮುಂದುವರಿಯುತ್ತದೆ, ಅದಕ್ಕೆ ಕಾರಣವಾಗುವ ಅಂಶಗಳೇನು ಎಂದು ದಾಖಲಿಸುವುದು. ಎಂಬತ್ತರ ದಶಕದವರೆಗೂ ಇದು ನಡೆಯಿತು. 1987ರಲ್ಲಿ ಲೂಥ್ರಾ ಮತ್ತು ಸಂಗಡಿಗರ ಪ್ರಬಂಧ ‘ಆಕ್ಟಾ ಸೈಟಾಲಜಿಕಾ’ ಎಂಬ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬಂತು. ಗರ್ಭಕಂಠದ ಕ್ಯಾನ್ಸರ್‌ಪೂರ್ವ ಗಾಯಗಳ ‘ಸಹಜ ಇತಿಹಾಸ’ ಎಂಬುದು ಅದರ ವಿಷಯ.

ಈ ‘ಸಹಜ ಇತಿಹಾಸ’ ಎಂಬ ಮಾತಿನ ಮೇಲೆ ಸ್ವಲ್ಪ ನಿಲ್ಲಬೇಕು. ಯಾರೂ ಅಡ್ಡಬರದಿದ್ದರೆ ಕಾಯಿಲೆ ತನ್ನ ಪಾಡಿಗೆ ಹೇಗೆ ನಡೆದುಕೊಳ್ಳುತ್ತದೆ ಎಂಬುದಕ್ಕೆ ವೈದ್ಯಶಾಸ್ತ್ರ ಕೊಟ್ಟ ಹೆಸರು ಅದು. ಆದರೆ ಡಾಕ್ಟರು ಎದುರಿಗೇ ಇದ್ದು, ರಿಪೋರ್ಟು ಅವರ ಕೈಯಲ್ಲೇ ಇದ್ದು, ಚಿಕಿತ್ಸೆ ಅದೇ ಊರಿನಲ್ಲಿ ಸಿಗುವಾಗ, ಕಾಯಿಲೆಯನ್ನು ಅದರ ಪಾಡಿಗೆ ಬಿಡುವುದು ಸಹಜವಾಗಿ ಆಗುವ ಕೆಲಸವಲ್ಲ. ಅದು ಯಾರೋ ಕೂತು ಮಾಡಿದ ತೀರ್ಮಾನ.

1997ರ ಏಪ್ರಿಲ್

ಪ್ರಬಂಧ ಬಂದ ಹತ್ತು ವರ್ಷಗಳ ನಂತರ, 1997ರ ಏಪ್ರಿಲಿನಲ್ಲಿ, ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ದೆಹಲಿಯಿಂದ ಒಂದು ವರದಿ ಪ್ರಕಟವಾಯಿತು. ಭಾರತದ ಈ ಅಧ್ಯಯನವನ್ನು ಅನೈತಿಕ ಎಂದು ಟೀಕಿಸಲಾಗುತ್ತಿದೆ ಎಂಬುದು ಅದರ ತಿರುಳು. ಅದು ಕೊಟ್ಟ ಲೆಕ್ಕ ಹೀಗಿದೆ: ವಿವಿಧ ಹಂತದ ಡಿಸ್‌ಪ್ಲೇಸಿಯಾ ಇದ್ದ 1,158 ಹೆಂಗಸರನ್ನು ಚಿಕಿತ್ಸೆಯಿಲ್ಲದೆ ಗಮನಿಸಲಾಯಿತು. ಅಧ್ಯಯನ ಮುಗಿಯುವ ಹೊತ್ತಿಗೆ 71 ಮಂದಿಯಲ್ಲಿ ಕ್ಯಾನ್ಸರ್ ಬೆಳೆದಿತ್ತು. ಅವರಲ್ಲಿ 62 ಮಂದಿಗೆ, ಕ್ಯಾನ್ಸರ್ ಒಂದೇ ಜಾಗದಲ್ಲಿ ಕಾಣಿಸಿಕೊಂಡ ಮೇಲೆ ಚಿಕಿತ್ಸೆ ಕೊಡಲಾಯಿತು. 9 ಮಂದಿಯಲ್ಲಿ ಅದು ಒಳಗಿನ ಅಂಗಾಂಶಕ್ಕೆ ಇಳಿಯುವ ಹಂತ ತಲುಪಿತ್ತು.

ನೂರಕ್ಕೆ ಸುಮಾರು ಆರು ಮಂದಿ. ಕಾಗದದ ಮೇಲೆ ಸಣ್ಣ ಸಂಖ್ಯೆ. ಆದರೆ ಈ ಕಾಯಿಲೆಯಲ್ಲಿ ಮುನ್ಸೂಚನೆ ಮೊದಲೇ ಸಿಗುತ್ತದೆ, ಸಿಕ್ಕ ಮೇಲೆ ತಡೆಯಬಹುದು. ಪ್ಯಾಪ್ ಪರೀಕ್ಷೆ ಮಾಡುವುದೇ ಅದಕ್ಕಾಗಿ.

ಸಂಶೋಧಕರ ಕಡೆಯಿಂದ ಬಂದ ಸಮಜಾಯಿಷಿಗಳನ್ನೂ ಕೇಳಬೇಕು. ಬಂದವರಲ್ಲಿ ಎಷ್ಟೋ ಜನರಿಗೆ ಓದುಬರಹ ಬಾರದು, ಆದ್ದರಿಂದ ಬಾಯಿಮಾತಿನಲ್ಲಿ ಹೇಳಿ ಒಪ್ಪಿಗೆ ಪಡೆದೆವು ಎಂದರು. ಲಿಖಿತ ಒಪ್ಪಿಗೆ ಕಡ್ಡಾಯ ಎನ್ನುವ ನಿಯಮ ಅಧ್ಯಯನ ಶುರುವಾದಾಗ ದೇಶದಲ್ಲಿ ಇರಲಿಲ್ಲ ಎಂದರು. ಇವು ಪೂರ್ತಿ ತಳ್ಳಿಹಾಕುವ ಮಾತುಗಳಲ್ಲ. ಅಲ್ಪ ಡಿಸ್‌ಪ್ಲೇಸಿಯಾ ಇದ್ದವರನ್ನು ಕಾದು ನೋಡುವುದು ಇವತ್ತಿಗೂ ಸರಿಯಾದ ವೈದ್ಯವೇ. ಅಂದಿನ ಚಿಕಿತ್ಸೆಗಳೂ ಇಂದಿನಷ್ಟು ಹಗುರವಾಗಿರಲಿಲ್ಲ. ಎಷ್ಟೋ ಕಡೆ ಅದಕ್ಕೆ ಗರ್ಭಕೋಶವನ್ನೇ ತೆಗೆಯುತ್ತಿದ್ದರು.

ಹಾಗಿದ್ದರೂ ಎರಡು ಸಂಗತಿಗಳು ಉಳಿಯುತ್ತವೆ. ಮನುಷ್ಯರ ಮೇಲೆ ಸಂಶೋಧನೆ ಮಾಡುವಾಗ ಅವರಿಗೆ ವಿಷಯ ತಿಳಿಸಿ ಒಪ್ಪಿಗೆ ಪಡೆಯಬೇಕು ಎಂದು ವಿಶ್ವ ವೈದ್ಯಕೀಯ ಸಂಘದ ಹೆಲ್ಸಿಂಕಿ ಘೋಷಣೆ ಹೇಳಿದ್ದು 1964ರಲ್ಲಿ, ಈ ಅಧ್ಯಯನಕ್ಕೆ ಹನ್ನೆರಡು ವರ್ಷ ಮುಂಚೆ. ಇನ್ನೊಂದು, ಐಸಿಎಂಆರ್ ತನ್ನದೇ ನೀತಿ ಹೇಳಿಕೆಯನ್ನು ಹೊರತಂದದ್ದು 1980ರಲ್ಲಿ. ಆಗ ಅಧ್ಯಯನ ನಡೆಯುತ್ತಲೇ ಇತ್ತು. ಶುರುವಾದಾಗ ನಿಯಮ ಇರಲಿಲ್ಲ ಎನ್ನಬಹುದು, ನಡುವೆ ನಿಯಮ ಬಂದ ಮೇಲೆ ಏನೆನ್ನುವುದು?

ಓದುಬರಹ ಬಾರದವರು ಎಂಬ ಮಾತನ್ನೂ ತಿರುಗಿಸಿ ನೋಡಬೇಕು. ಅಕ್ಷರ ಬಾರದ ಹೆಂಗಸಿಗೆ ‘ನಿಮ್ಮ ಗರ್ಭಕೋಶದ ಕೊರಳಿನಲ್ಲಿ ಬದಲಾವಣೆ ಕಂಡಿದೆ, ಅದು ವಾಸಿಯಾಗಬಹುದು, ಕ್ಯಾನ್ಸರ್ ಆಗಲೂಬಹುದು, ಈಗಲೇ ತೆಗೆಸಿಕೊಳ್ಳಲು ದಾರಿಯಿದೆ, ನಾವು ಮಾತ್ರ ತೆಗೆಯದೆ ನೋಡಬೇಕೆಂದಿದ್ದೇವೆ’ ಎಂದರೆ ಅರ್ಥವಾಗದೇ? ಮನೆ ನಡೆಸುವವಳು, ಸಾಲ ತೀರಿಸುವವಳು, ಮಕ್ಕಳ ಮದುವೆ ನಿಶ್ಚಯಿಸುವವಳು ಈ ಒಂದು ತೀರ್ಮಾನ ಮಾಡಲಾರಳೇ? ಓದಲು ಬಾರದಿರುವುದು ಬೇರೆ, ತಿಳಿಯದಿರುವುದು ಬೇರೆ. ಆಸ್ಪತ್ರೆಗಳಲ್ಲಿ ಇವೆರಡನ್ನೂ ಒಂದೇ ಎಂದು ಎಣಿಸುವ ರೂಢಿ ಹಳೆಯದು.

ಆಕ್ಲೆಂಡಿನಲ್ಲಿ ನಡೆದದ್ದು

ಇದು ನಮ್ಮ ಬಡ ದೇಶದಲ್ಲಿ ಮಾತ್ರ ಆಗುವಂಥದ್ದು ಎನ್ನಲಾಗದು. ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ನ್ಯಾಷನಲ್ ವಿಮೆನ್ಸ್ ಆಸ್ಪತ್ರೆಯಲ್ಲಿ ಹರ್ಬರ್ಟ್ ಗ್ರೀನ್ ಎಂಬ ಪ್ರಸೂತಿ ತಜ್ಞರು, ಇಂಥ ಗಾಯಗಳು ಕ್ಯಾನ್ಸರ್ ಆಗುವುದಿಲ್ಲ ಎಂದು ನಂಬಿದ್ದರು. 1966ರಲ್ಲಿ ಆಸ್ಪತ್ರೆಯ ಒಪ್ಪಿಗೆ ಪಡೆದು, ಅತಿ ತೀವ್ರ ಹಂತದ ಬದಲಾವಣೆ ಇದ್ದ ಹೆಂಗಸರಿಗೂ ಪೂರ್ಣ ಚಿಕಿತ್ಸೆ ಕೊಡದೆ ನೋಡುತ್ತ ಹೋದರು. ಅವರ ಸಹೋದ್ಯೋಗಿಗಳೇ ಆಕ್ಷೇಪಿಸಿದರು. ಆ ಸಹೋದ್ಯೋಗಿಗಳು 1984ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಮುಂದೆಯೂ ಅಸಹಜ ರಿಪೋರ್ಟು ಬರುತ್ತಲೇ ಇದ್ದವರಲ್ಲಿ ಶೇ 22 ಮಂದಿಗೆ ಕ್ಯಾನ್ಸರ್ ಆಗಿತ್ತು. ರಿಪೋರ್ಟು ಸರಿಹೋದವರಲ್ಲಿ ಅದು ಶೇ 1.5 ಮಾತ್ರ.

ವೈದ್ಯಕೀಯ ಪತ್ರಿಕೆಯ ಆ ಪುಟಗಳನ್ನು ಸಾಂಡ್ರಾ ಕೋನಿ ಮತ್ತು ಫಿಲಿಡಾ ಬಂಕಲ್ ಎಂಬ ಇಬ್ಬರು ಹೆಂಗಸರು ಓದಿದರು. 1987ರ ಜೂನಿನಲ್ಲಿ ‘ಮೆಟ್ರೋ’ ಎಂಬ ಮಾಸಿಕದಲ್ಲಿ ಅವರ ದೀರ್ಘ ಲೇಖನ ಬಂತು. ಅದರ ನಡುವೆ ‘ರೂತ್’ ಎಂಬ ಬದಲಿ ಹೆಸರಿನ ರೋಗಿಯ ಕತೆಯಿತ್ತು. ವರ್ಷಾನುಗಟ್ಟಲೆ ಕರೆದಾಗೆಲ್ಲ ಆಸ್ಪತ್ರೆಗೆ ಹೋಗಿಬಂದ ಆಕೆಗೆ, ತಾನು ಒಂದು ಅಧ್ಯಯನದ ಭಾಗ ಎಂಬುದೇ ತಿಳಿದಿರಲಿಲ್ಲ. ದೇಶ ತತ್ತರಿಸಿತು. ನ್ಯಾಯಾಧೀಶೆ ಸಿಲ್ವಿಯಾ ಕಾರ್ಟ್‌ರೈಟ್ ಅವರ ವಿಚಾರಣಾ ಆಯೋಗ 1988ರಲ್ಲಿ ವರದಿ ಕೊಟ್ಟಿತು. ಅದರ ಫಲವಾಗಿ ಅಲ್ಲಿ ದೇಶವ್ಯಾಪಿ ತಪಾಸಣಾ ಕಾರ್ಯಕ್ರಮ, ರೋಗಿಗಳ ಹಕ್ಕುಗಳ ಸಂಹಿತೆ, ಅದನ್ನು ನೋಡಿಕೊಳ್ಳಲು ಪ್ರತ್ಯೇಕ ಆಯುಕ್ತರ ಹುದ್ದೆ, ಎಲ್ಲ ಬಂದವು.

ದೆಹಲಿಯಲ್ಲಿ ಅಂಥ ಆಯೋಗ ಕೂರಲಿಲ್ಲ. ರೂತ್‌ಳಂತೆ ಒಬ್ಬಾಕೆಯ ಕತೆ ನಮ್ಮ ಓದುಗರ ಮನಸ್ಸಿನಲ್ಲಿ ಉಳಿಯುವ ಹಾಗೆ ಹೊರಬರಲಿಲ್ಲ. ಪತ್ರಿಕೆಗಳಲ್ಲಿ ಕೆಲವು ದಿನ ಸುದ್ದಿಯಾಗಿ, ಆಮೇಲೆ ವೈದ್ಯಕೀಯ ನೀತಿಯ ಪಾಠಗಳಲ್ಲಿ ಒಂದು ಉದಾಹರಣೆಯಾಗಿ ಉಳಿಯಿತು.

ಬೆಂಗಳೂರಿನ ನ್ಯಾಯಮೂರ್ತಿ ಮತ್ತು ಹೊಸ ನಿಯಮ

ಹಾಗೆಂದು ಏನೂ ಆಗಲಿಲ್ಲವೆಂದಲ್ಲ. ಡಾ. ಜಿ.ವಿ. ಸತ್ಯವತಿ ಐಸಿಎಂಆರ್‌ನ ಮಹಾನಿರ್ದೇಶಕಿಯಾಗಿದ್ದ ಕಾಲವದು, ಆ ಹುದ್ದೆಗೇರಿದ ಮೊದಲ ಮಹಿಳೆ ಅವರು. 1980ರ ಹೇಳಿಕೆ ಹಳತಾಗಿದೆ, ವಿವರವಾದ ನಿಯಮ ಬೇಕು ಎಂದು ಮಂಡಳಿ 1996ರಲ್ಲೇ ಒಂದು ಕೇಂದ್ರ ನೀತಿ ಸಮಿತಿ ರಚಿಸಿತ್ತು. ಅದರ ಅಧ್ಯಕ್ಷರು ನಮ್ಮ ಬೆಂಗಳೂರಿನವರೇ ಆದ, ಕರ್ನಾಟಕ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋಗಿ ಮುಖ್ಯ ನ್ಯಾಯಮೂರ್ತಿಯಾಗಿ ನಿವೃತ್ತರಾಗಿದ್ದ ಎಂ.ಎನ್. ವೆಂಕಟಾಚಲಯ್ಯ. ಅದೇ ಹೊತ್ತಿಗೆ ಅವರು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷರೂ ಆಗಿದ್ದರು.

ಸಮಿತಿ ಕೆಲಸ ಮಾಡುತ್ತಿದ್ದಾಗಲೇ ದೆಹಲಿಯ ಅಧ್ಯಯನದ ಗದ್ದಲ ಎದ್ದಿತು. ಚರ್ಚೆಗಳು ಮುಗಿದು 2000ದಲ್ಲಿ ಐಸಿಎಂಆರ್‌ನ ನೈತಿಕ ಮಾರ್ಗಸೂಚಿ ಹೊರಬಂತು. ಸಂಶೋಧನೆಗೆ ಒಳಗಾಗುವವರಿಗೆ ಅವರ ಭಾಷೆಯಲ್ಲಿ ವಿಷಯ ತಿಳಿಸಬೇಕು, ಓದಲು ಬಾರದವರಿಗೆ ಸಾಕ್ಷಿಯ ಎದುರು ವಿವರಿಸಬೇಕು, ಬೇಡವೆಂದು ಯಾವಾಗ ಬೇಕಾದರೂ ಹೊರಬರುವ ಸ್ವಾತಂತ್ರ್ಯ ಇರಬೇಕು, ಅದರಿಂದ ಚಿಕಿತ್ಸೆಗೆ ಅಡ್ಡಿಯಾಗಬಾರದು, ಪ್ರತಿ ಸಂಸ್ಥೆಯಲ್ಲೂ ನೀತಿ ಸಮಿತಿ ಇರಬೇಕು ಎಂಬ ತತ್ತ್ವಗಳು ಸ್ಪಷ್ಟ ರೂಪ ಪಡೆದವು. 2006ರಲ್ಲಿ, 2017ರಲ್ಲಿ ಅದು ಪರಿಷ್ಕಾರಗೊಂಡಿತು. ಔಷಧ ಪ್ರಯೋಗಗಳ ಮಟ್ಟಿಗೆ 2019ರ ಕಾನೂನು ಇದೆ.

ನಿಯಮ ಬಂದ ಕೂಡಲೇ ರೂಢಿ ಬದಲಾಗುವುದಿಲ್ಲ ಎಂಬುದಕ್ಕೂ ಇದೇ ಕಾಯಿಲೆ ಸಾಕ್ಷಿ. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ 10ರಿಂದ 14 ವರ್ಷದ ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಕೊಡುವ ಯೋಜನೆ ನಡೆಯಿತು. ಖಮ್ಮಂನ ಹಾಸ್ಟೆಲುಗಳಲ್ಲಿ ತಂದೆತಾಯಿಯ ಬದಲು ವಾರ್ಡನ್‌ಗಳೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದು ಬಯಲಾಗಿ, 2010ರಲ್ಲಿ ಯೋಜನೆ ನಿಂತಿತು. 2013ರಲ್ಲಿ ಸಂಸದೀಯ ಸಮಿತಿ ಕಟುವಾಗಿ ಬರೆಯಿತು. ಲಸಿಕೆಯಲ್ಲಿ ದೋಷವಿತ್ತು ಎಂದು ಯಾರೂ ಭಾವಿಸಬಾರದು. ಆ ಲಸಿಕೆ ಇಂದು ಜಗತ್ತಿನಾದ್ಯಂತ ಕೋಟ್ಯಂತರ ಹೆಣ್ಣುಮಕ್ಕಳನ್ನು ಕಾಯುತ್ತಿದೆ. ಕೇಳದೆ ಕೊಟ್ಟದ್ದರಿಂದ ಹುಟ್ಟಿದ ಅನುಮಾನ ಮಾತ್ರ ನಮ್ಮಲ್ಲಿ ಆ ಲಸಿಕೆಯ ಹಾದಿಗೆ ವರ್ಷಗಟ್ಟಲೆ ಅಡ್ಡವಾಯಿತು.

ಕಲಬುರಗಿ: ಹೆದರಿಸುವ ದಾರಿ

ಹೇಳದೆ ಕಾಯುವುದು ಒಂದು ತಪ್ಪಾದರೆ, ಹೆದರಿಸಿ ಕೊಯ್ಯುವುದು ಇನ್ನೊಂದು. ಅದನ್ನು ನೋಡಲು ದೆಹಲಿಯಿಂದ ಕಲಬುರಗಿಗೆ ಬರಬೇಕು.

2015ರ ಸುಮಾರಿಗೆ ಕಲಬುರಗಿ ಜಿಲ್ಲೆಯ ತಾಂಡಾಗಳಿಂದ ಒಂದೇ ಬಗೆಯ ದೂರುಗಳು ಬರತೊಡಗಿದವು. ಹೊಟ್ಟೆನೋವು, ಬಿಳಿಸೆರಗು ಎಂದು ಖಾಸಗಿ ಆಸ್ಪತ್ರೆಗಳಿಗೆ ಹೋದ ಲಂಬಾಣಿ ಮತ್ತು ದಲಿತ ಹೆಂಗಸರಿಗೆ, ‘ಗರ್ಭಕೋಶ ಹಾಳಾಗಿದೆ, ಇಟ್ಟುಕೊಂಡರೆ ಕ್ಯಾನ್ಸರ್ ಆಗುತ್ತದೆ’ ಎಂದು ಹೇಳಿ ಅದನ್ನು ತೆಗೆದುಹಾಕಲಾಗಿತ್ತು. ಅವರಲ್ಲಿ ಎಷ್ಟೋ ಜನ ನಲವತ್ತು ದಾಟದವರು. ಸಾಲ ಮಾಡಿ, ದನ ಮಾರಿ ದುಡ್ಡು ಹೊಂದಿಸಿದವರು. ಆಪರೇಷನ್ ಆದ ಮೇಲೆ ಸೊಂಟನೋವು, ಸುಸ್ತು ಎಂದು ಕೂಲಿಗೂ ಹೋಗಲಾಗದವರು. ಸಂಘಟನೆಗಳು ಹೋರಾಡಿದವು, ತನಿಖಾ ಸಮಿತಿಗಳು ಬಂದವು. ರಾಜಸ್ಥಾನ, ಬಿಹಾರ, ಛತ್ತೀಸಗಡಗಳ ಇಂಥದೇ ಪ್ರಕರಣಗಳ ಬಗ್ಗೆ ಡಾ. ನರೇಂದ್ರ ಗುಪ್ತಾ ಹೂಡಿದ್ದ ಅರ್ಜಿಯಲ್ಲಿ ಸುಪ್ರೀಂ ಕೋರ್ಟು 2023ರ ಏಪ್ರಿಲಿನಲ್ಲಿ ತೀರ್ಪು ಕೊಟ್ಟು, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕು ಎಂದಿತು.

ದೆಹಲಿಯಲ್ಲಿ ಚಿಕಿತ್ಸೆ ಕಡಿಮೆಯಾಯಿತು, ಕಲಬುರಗಿಯಲ್ಲಿ ಹೆಚ್ಚಾಯಿತು. ಮೇಲುನೋಟಕ್ಕೆ ಒಂದಕ್ಕೊಂದು ವಿರುದ್ಧ. ಆದರೆ ಒಳಗಿನ ಕೊರತೆ ಒಂದೇ. ಎರಡೂ ಕಡೆ ರಿಪೋರ್ಟಿನಲ್ಲಿ ಏನಿದೆ ಎಂಬುದು ಮೇಜಿನ ಆಚೆ ಕೂತವರಿಗೆ ಮಾತ್ರ ಗೊತ್ತು. ಈಚೆ ಕೂತವಳಿಗೆ ಒಂದು ಕಡೆ ಏನೂ ಇಲ್ಲವೆಂಬ ಹಾಗೆ ಮೌನ, ಇನ್ನೊಂದು ಕಡೆ ಎಲ್ಲ ಮುಗಿಯಿತೆಂಬ ಹಾಗೆ ಬೆದರಿಕೆ. ‘ಅಸಹಜ’ ಎಂಬ ಪದ ಈ ಎರಡರ ನಡುವಿನದು. ಅಲ್ಲಿ ಸಮಯವಿದೆ, ಆಯ್ಕೆಯಿದೆ. ಎರಡೂ ಕಡೆಯ ಹೆಂಗಸರು ಕಳೆದುಕೊಂಡದ್ದು ಅದನ್ನೇ.

ಇವತ್ತು ಕೈಯಲ್ಲಿ ರಿಪೋರ್ಟು ಇದ್ದವರಿಗೆ

ಈ ಇತಿಹಾಸದಿಂದ ನಮಗೆ ದಕ್ಕಿದ ತಿಳಿವಳಿಕೆಯನ್ನು ಬಳಸದೆ ಬಿಡುವುದು ಆ ಹೆಂಗಸರಿಗೆ ಮಾಡುವ ಇನ್ನೊಂದು ಅನ್ಯಾಯವಾದೀತು. ಹಾಗಾಗಿ ಗೊತ್ತಿರುವುದನ್ನು ನೇರವಾಗಿ ಹೇಳುವೆ.

ಗರ್ಭಕಂಠದ ಕ್ಯಾನ್ಸರಿಗೆ ಕಾರಣ ಎಚ್‌ಪಿವಿ ಎಂಬ ವೈರಾಣು. ಜರ್ಮನಿಯ ಹೆರಾಲ್ಡ್ ಜೂರ್ ಹೌಸೆನ್ 1983ರಲ್ಲಿ ಅದರ 16ನೇ ಬಗೆಯನ್ನು ಕ್ಯಾನ್ಸರ್ ಗಡ್ಡೆಯಲ್ಲಿ ಗುರುತಿಸಿದರು, 2008ರಲ್ಲಿ ಅದಕ್ಕೆ ನೊಬೆಲ್ ಬಂತು. ಈ ವೈರಾಣು ತೀರಾ ಸಾಮಾನ್ಯ. ಲೈಂಗಿಕ ಬದುಕು ಇರುವ ಬಹುತೇಕ ಎಲ್ಲರಿಗೂ ಜೀವನದಲ್ಲಿ ಒಮ್ಮೆಯಾದರೂ ತಗಲಿರುತ್ತದೆ, ಹೆಚ್ಚಿನವರಲ್ಲಿ ಎರಡು ವರ್ಷದೊಳಗೆ ತಾನೇ ಹೋಗುತ್ತದೆ. ಮೈಯಲ್ಲಿ ಎಷ್ಟೋ ವರ್ಷ ಸುಮ್ಮನಿದ್ದು ಆಮೇಲೆ ಕಾಣಿಸಿಕೊಳ್ಳಲೂಬಹುದು. ಆದ್ದರಿಂದ ಇವತ್ತಿನ ರಿಪೋರ್ಟು ನೋಡಿ ಗಂಡನನ್ನಾಗಲಿ ಹೆಂಡತಿಯನ್ನಾಗಲಿ ಅನುಮಾನಿಸಲು ಆಧಾರವಿಲ್ಲ. ರಿಪೋರ್ಟನ್ನು ಸೀರೆಯಡಿ ಅಡಗಿಸುವಂತೆ ಮಾಡುವುದು ಬಹುಪಾಲು ಈ ನಾಚಿಕೆಯೇ.

ಪ್ಯಾಪ್ ಅಥವಾ ಎಚ್‌ಪಿವಿ ಪರೀಕ್ಷೆ ಒಂದು ಜರಡಿ ಮಾತ್ರ. ಅದರಲ್ಲಿ ಏನೋ ಸಿಕ್ಕಿತೆಂದರೆ ರೋಗ ಖಚಿತವಾಯಿತೆಂದು ಅರ್ಥವಲ್ಲ, ಮುಂದಿನ ಪರೀಕ್ಷೆ ಬೇಕು ಎಂದರ್ಥ. ಆ ಮುಂದಿನ ಪರೀಕ್ಷೆ ಹೆಚ್ಚಾಗಿ ಕಾಲ್ಪೊಸ್ಕೋಪಿ, ಅಂದರೆ ಗರ್ಭಕಂಠವನ್ನು ದೊಡ್ಡದಾಗಿ ತೋರಿಸುವ ಯಂತ್ರದಲ್ಲಿ ನೋಡಿ, ಬೇಕಾದರೆ ಚಿಟಿಕೆಯಷ್ಟು ಮಾಂಸ ತೆಗೆದು ಬಯಾಪ್ಸಿಗೆ ಕಳಿಸುವುದು. ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಮಾಡಿ ಆಂಡ್ರೂ ಓಸ್ಟರ್ 1993ರಲ್ಲಿ ಹಾಕಿದ ಲೆಕ್ಕವನ್ನು ಇಂದಿಗೂ ಉಲ್ಲೇಖಿಸುತ್ತಾರೆ: ಸಿಐಎನ್ 1ರಲ್ಲಿ ಶೇ 57 ತಾನಾಗಿ ವಾಸಿಯಾಗುತ್ತದೆ, ಕ್ಯಾನ್ಸರಿನವರೆಗೆ ಹೋಗುವುದು ಶೇ 1ರಷ್ಟು. ಸಿಐಎನ್ 3ರಲ್ಲಿ ಕ್ಯಾನ್ಸರಿಗೆ ಹೋಗುವ ಪಾಲು ಶೇ 12ಕ್ಕೂ ಹೆಚ್ಚು. ಆಕ್ಲೆಂಡಿನ ದಾಖಲೆಗಳನ್ನು ಮತ್ತೆ ತೆಗೆದು 2008ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಸ್ಪಷ್ಟವಾಗಿ ಹೇಳಿತು: ಸಿಐಎನ್ 3ನ್ನು ಸರಿಯಾಗಿ ಚಿಕಿತ್ಸೆ ಮಾಡದೆ ಬಿಟ್ಟರೆ 30 ವರ್ಷದಲ್ಲಿ ಶೇ 31 ಮಂದಿಗೆ ಕ್ಯಾನ್ಸರ್, ಸರಿಯಾಗಿ ಚಿಕಿತ್ಸೆ ಮಾಡಿದರೆ ಶೇ 0.7 ಮಂದಿಗೆ.

ಅದಕ್ಕೇ ಡಾಕ್ಟರು ಸಿಐಎನ್ 1 ಇದ್ದರೆ ಕಾಯೋಣ ಎನ್ನುತ್ತಾರೆ, ಸಿಐಎನ್ 3 ಇದ್ದರೆ ತಡಮಾಡಬೇಡಿ ಎನ್ನುತ್ತಾರೆ. ಕೆಟ್ಟ ಭಾಗವನ್ನಷ್ಟೇ ಬಿಸಿಯಿಂದ ಸುಡುವ, ತಣ್ಣನೆಯ ಅನಿಲದಿಂದ ಹೆಪ್ಪುಗಟ್ಟಿಸುವ ಅಥವಾ ವಿದ್ಯುತ್ ತಂತಿಯ ಕುಣಿಕೆಯಿಂದ ತೆಗೆಯುವ ವಿಧಾನಗಳಿವೆ. ಹೆಚ್ಚಿನವರು ಅದೇ ದಿನ ಮನೆಗೆ ಹೋಗಬಹುದು. ಇಂಥ ರಿಪೋರ್ಟಿಗೆ ಗರ್ಭಕೋಶ ತೆಗೆಯುವುದು ಮೊದಲ ಮದ್ದಲ್ಲ. ಯಾರಾದರೂ ಅದನ್ನೇ ಮೊದಲು ಹೇಳಿದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಿ.

ಕಾಯುವುದೆಂದು ತೀರ್ಮಾನವಾದರೂ ಮೂರು ಸಂಗತಿ ನಿಮಗೆ ಗೊತ್ತಿರಬೇಕು. ನನ್ನ ರಿಪೋರ್ಟಿನಲ್ಲಿರುವ ಹಂತ ಯಾವುದು? ಮುಂದಿನ ಪರೀಕ್ಷೆ ಯಾವ ತಿಂಗಳು? ಅದರೊಳಗೆ ಯಾವ ಲಕ್ಷಣ ಕಂಡರೆ ಕಾಯದೆ ಬರಬೇಕು? ಮುಟ್ಟಿನ ನಡುವೆ, ಸಂಭೋಗದ ನಂತರ ಅಥವಾ ಮುಟ್ಟು ನಿಂತ ಮೇಲೆ ರಕ್ತ ಕಂಡರೆ ತಾರೀಖಿಗೆ ಕಾಯುವಂತಿಲ್ಲ. ರಿಪೋರ್ಟಿನ ಪ್ರತಿ ನಿಮ್ಮ ಬಳಿಯೇ ಇರಲಿ. ಊರು ಬಿಟ್ಟು ಊರಿಗೆ ಹೋಗುವವರಿಗೆ, ಮನೆ ಬದಲಿಸುತ್ತಲೇ ಇರುವವರಿಗೆ, ದೆಹಲಿ-ನೋಯ್ಡಾ-ಗುರುಗ್ರಾಮಗಳ ನಡುವೆ ಕೆಲಸಕ್ಕೆ ಅಲೆಯುವ ಲಕ್ಷಾಂತರ ಹೆಂಗಸರಿಗೆ ಇದು ಇನ್ನೂ ಮುಖ್ಯ. ಆಸ್ಪತ್ರೆಯ ಫೈಲು ಅವರ ಜೊತೆ ಊರು ಬದಲಿಸುವುದಿಲ್ಲ.

ದೆಹಲಿಯ ಆ ಸಂಸ್ಥೆ ಈಗ ನೋಯ್ಡಾದ ಸೆಕ್ಟರ್ 39ರಲ್ಲಿದೆ. ಹೆಸರೂ ಬದಲಾಗಿ, ರಾಷ್ಟ್ರೀಯ ಕ್ಯಾನ್ಸರ್ ತಡೆ ಮತ್ತು ಸಂಶೋಧನಾ ಸಂಸ್ಥೆ ಎಂದಾಗಿದೆ. ದೇಶದ ಬೇರೆ ಬೇರೆ ಮೂಲೆಗಳ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಗರ್ಭಕಂಠದ ತಪಾಸಣೆ ಮಾಡುವುದು ಹೇಗೆಂದು ಅಲ್ಲಿಂದ ತರಬೇತಿ ಕೊಡುತ್ತಾರೆ. 30ರಿಂದ 65 ವರ್ಷದ ಪ್ರತಿ ಮಹಿಳೆಗೂ ಐದು ವರ್ಷಕ್ಕೊಮ್ಮೆ ತಪಾಸಣೆ ಆಗಬೇಕೆಂದು ಸರ್ಕಾರ 2016ರಲ್ಲಿ ಹೇಳಿದೆ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 30ರಿಂದ 49 ವರ್ಷದವರಲ್ಲಿ ಒಮ್ಮೆಯಾದರೂ ಈ ತಪಾಸಣೆ ಮಾಡಿಸಿಕೊಂಡವರು ಶೇ 1.9 ಮಾತ್ರ. ವರ್ಷಕ್ಕೆ 75 ಸಾವಿರಕ್ಕೂ ಹೆಚ್ಚು ಭಾರತೀಯ ಹೆಂಗಸರು ಈ ಕಾಯಿಲೆಯಿಂದ ಸಾಯುತ್ತಿದ್ದಾರೆ. ಇವರಲ್ಲಿ ಬಹುಪಾಲು ಜನರ ಕೈಗೆ ‘ಅಸಹಜ’ ಎಂದು ಬರೆದ ಒಂದು ಕಾಗದ ಸಕಾಲದಲ್ಲಿ ಬರಲೇ ಇಲ್ಲ.

ಆ ಲೆಕ್ಕದಲ್ಲಿ ನೋಡಿದರೆ, ಅಂಥ ಕಾಗದ ಕೈಗೆ ಬಂದಿರುವುದು ಭಾಗ್ಯವೇ, ಬಂದ ದಿನ ಹಾಗನ್ನಿಸದಿದ್ದರೂ. ಡಾಕ್ಟರು ಈಗ ‘ಒಂದು ವರ್ಷ ಕಾಯೋಣ’ ಎಂದರೆ ಏಕೆ ಎಂದು ಕೇಳಿ. ಅವರು ವಿವರಿಸಿದರೆ ನೀವು ಒಪ್ಪಿ ಕಾಯುತ್ತೀರಿ, ಆಗ ಅದು ಚಿಕಿತ್ಸೆ. ಆ ‘ಏಕೆ’ಗೆ ಉತ್ತರ ಸಿಗುವಂತಾದದ್ದರಲ್ಲಿ, ಕೇಳುವ ಅವಕಾಶ ಸಿಗದ ದೆಹಲಿಯ 1,158 ಹೆಂಗಸರ ಪಾಲೂ ಇದೆ.